ಹಳಿಗಳ ಕೆಳಗಿನ ಮಣ್ಣು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊ. ಅಲ್ಲಿನ ರೈಲು ನಿಲ್ದಾಣ ನಿಂತಿರುವುದು ಒಂದು ಕೆರೆಯಂಗಳದ ಮೇಲೆ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತೆಂದು ಬಲ್ಲ ಕೇಳುಗರಿಗೆ ಇದೇನೂ ಅಚ್ಚರಿಯ ಮಾತಲ್ಲ. ಅಲ್ಲಿದ್ದದ್ದು ಸಟರ್ ಕೆರೆ. ದಂಡೆಯ ಮೇಲೆ ಚೀನೀ ವಲಸಿಗರ ಕೇರಿ ಇದ್ದುದರಿಂದ ಊರವರು ಅದನ್ನು ಚೈನಾ ಸ್ಲೂ ಎಂದೂ ಕರೆಯುತ್ತಿದ್ದರು. 1860ರ ದಶಕದಲ್ಲಿ ಆ ಕೆರೆ ರೈಲ್ವೆ ಕಂಪನಿಯ ಪಾಲಾಯಿತು. ಮುಂದಿನ ನಾಲ್ಕೈದು ದಶಕ ಕಂಪನಿ ಅದನ್ನು ತುಂಬುತ್ತಲೇ ಹೋಯಿತು. ನದಿಯಿಂದ ಎತ್ತಿದ ಮರಳು ಒಂದಷ್ಟು, ಪಕ್ಕದ ವರ್ಕ್‌ಶಾಪಿನ ಕಸ ಒಂದಷ್ಟು. 1926ರಲ್ಲಿ ಈಗಿನ ನಿಲ್ದಾಣ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿ ನೀರಿತ್ತು ಎನ್ನುವ ಕುರುಹೂ ಉಳಿದಿರಲಿಲ್ಲ.

ಆದರೆ ತುಂಬಿದ್ದೆಲ್ಲ ಅಲ್ಲೇ ಇತ್ತು. ಮುಂದೆ ಅದನ್ನು ಹುಡುಕಿ ತೆಗೆಯುವ ಕೆಲಸಕ್ಕೆ ಮೂವತ್ತು ವರ್ಷಕ್ಕೂ ಮಿಕ್ಕಿ ಹಿಡಿದಿದೆ.

ಆ ವರ್ಕ್‌ಶಾಪು ಸಾಮಾನ್ಯದ್ದಲ್ಲ. 1863ರ ಜನವರಿ 8ರಂದು ಸೆಂಟ್ರಲ್ ಪೆಸಿಫಿಕ್ ರೈಲ್‌ರೋಡ್ ಕಂಪನಿ ಸ್ಯಾಕ್ರಮೆಂಟೊದಲ್ಲಿ ಗುದ್ದಲಿ ಪೂಜೆ ಮಾಡಿತು. ಪೂರ್ವದಿಂದ ಬರುವ ಯೂನಿಯನ್ ಪೆಸಿಫಿಕ್ ಹಳಿಗೆ ಇಲ್ಲಿಂದ ಹೊರಟ ಹಳಿ 1869ರ ಮೇ 10ರಂದು ಯೂಟಾದ ಪ್ರಮಾಂಟರಿಯಲ್ಲಿ ಕೂಡಿಕೊಂಡಿತು. ಸಿಯೆರಾ ನೆವಾಡ ಬೆಟ್ಟಸಾಲಿನ ಗಟ್ಟಿ ಬಂಡೆಯಲ್ಲಿ ಸುರಂಗ ಕೊರೆದು ಆ ಹಳಿ ಹಾಸಿದವರಲ್ಲಿ ಬಹುಪಾಲು ಜನ ಚೀನೀ ಕೂಲಿಗಳು. ಅವರು ಹಾಸಿದ ದಾರಿಯಲ್ಲಿ ಓಡುವ ಎಂಜಿನ್ನು, ಬೋಗಿಗಳನ್ನು ರಿಪೇರಿ ಮಾಡಲು, ಆಮೇಲೆ ಹೊಸದಾಗಿ ಕಟ್ಟಲು, ಎರಡು ನದಿಗಳು ಸೇರುವ ಜೌಗು ನೆಲದಲ್ಲಿ ಈ ವರ್ಕ್‌ಶಾಪು ಎದ್ದಿತು. ಮಾಸ್ಟರ್ ಮೆಕ್ಯಾನಿಕ್ ಎ.ಜೆ. ಸ್ಟೀವನ್ಸ್ ಅವರ ಕಾಲದಲ್ಲಿ, 1880ರ ದಶಕದ ಮೊದಲ ವರ್ಷಗಳಲ್ಲಿ, ‘ಎಲ್ ಗೊಬೆರ್ನಡೋರ್’ ಎಂಬ ಎಂಜಿನ್ ಇಲ್ಲಿ ತಯಾರಾಯಿತು. ಅಂದಿಗೆ ಜಗತ್ತಿನಲ್ಲೇ ಅತಿ ದೊಡ್ಡದು ಅದು. ಸ್ಟೀವನ್ಸ್ 1888ರಲ್ಲಿ ತೀರಿಕೊಂಡಾಗ ಕಾರ್ಮಿಕರೇ ಹಣ ಕೂಡಿಸಿ ಊರ ನಡುವಿನ ಉದ್ಯಾನದಲ್ಲಿ ಅವರ ಪ್ರತಿಮೆ ನಿಲ್ಲಿಸಿದರು. ಮೇಲಧಿಕಾರಿಗೆ ಕಾರ್ಮಿಕರು ಇಂಥ ಗೌರವ ಸಲ್ಲಿಸಿದ ಉದಾಹರಣೆ ರೈಲ್ವೆ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಈ ನೆಲದಲ್ಲಿ ವಿಷ ಹೇಗೆ ಸೇರಿತು ಎಂಬುದನ್ನು ತಿಳಿಯಬೇಕಾದರೆ ಇಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ತಿಳಿಯಬೇಕು. ಯಾರೋ ದುರುದ್ದೇಶದಿಂದ ರಾತ್ರೋರಾತ್ರಿ ತಂದು ಸುರಿದ ವಿಷವಲ್ಲ ಇದು. ದಿನದ ದುಡಿಮೆ ದಿನವೂ ಬಿಟ್ಟುಹೋದದ್ದು.

ಉಗಿಬಂಡಿಯ ಕಾಲದ ವರ್ಕ್‌ಶಾಪನ್ನು ಒಂದೊಂದೇ ಶೆಡ್ಡಾಗಿ ನೋಡುತ್ತ ಹೋದರೆ ಇದು ಸ್ಪಷ್ಟವಾಗುತ್ತದೆ. ಗಾಲಿಯ ಅಚ್ಚು ತಿರುಗುವ ಬೇರಿಂಗುಗಳಿಗೆ ತವರ, ಸೀಸ, ಆಂಟಿಮನಿ ಬೆರೆಸಿದ ಮೆದು ಲೋಹವನ್ನು ಕರಗಿಸಿ ಹುಯ್ಯುತ್ತಿದ್ದರು. ಸವೆದಾಗ ಹಳೆಯದನ್ನು ಕರಗಿಸಿ ತೆಗೆದು ಹೊಸದನ್ನು ಹುಯ್ಯುವುದು; ಪ್ರತಿ ಸಲವೂ ಸೀಸದ ಹೊಗೆ, ಸೀಸದ ಚೂರು. ಬಣ್ಣದ ಶೆಡ್ಡಿನಲ್ಲಿ ಬೋಗಿಗೆ ಹಚ್ಚುವ ಬಿಳಿಯೂ ಸೀಸದ್ದೇ, ತುಕ್ಕು ತಡೆಯುವ ಕೆಂಪೂ ಸೀಸದ್ದೇ. ಹಳದಿಯಲ್ಲಿ ಸೀಸದ ಜೊತೆ ಕ್ರೋಮಿಯಂ. ಹಳೆಯ ಬಣ್ಣ ಕೆರೆದರೆ ಆ ಪುಡಿ ನೆಲಕ್ಕೆ. ಬೋಗಿಯ ದೀಪಗಳಿಗೆ ಬ್ಯಾಟರಿ ಬಂದ ಮೇಲೆ ಬ್ಯಾಟರಿ ಶೆಡ್ಡೊಂದು ಹುಟ್ಟಿತು. ಅಲ್ಲಿ ಸೀಸದ ಜೊತೆಗೆ ಗಂಧಕಾಮ್ಲ. ಬಾಯ್ಲರಿನ ಶಾಖ ಹೊರಗೆ ಹೋಗದಿರಲೆಂದು ಸುತ್ತುತ್ತಿದ್ದದ್ದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಬಾಯ್ಲರ್ ರಿಪೇರಿಗೆ ಬಂದಾಗಲೆಲ್ಲ ಅದನ್ನು ಕೈಯಿಂದ ಕಿತ್ತು ನೆಲಕ್ಕೆ ಬಿಸಾಡಬೇಕು. ಹಳಿಯಡಿಯ ಮರದ ಸ್ಲೀಪರ್ ಕೊಳೆಯದಿರಲೆಂದು ಕ್ರಿಯೊಸೋಟ್ ಎಂಬ ಕಪ್ಪನೆಯ ಟಾರೆಣ್ಣೆ. ಕ್ಯಾಲಿಫೋರ್ನಿಯಾದಲ್ಲಿ ಕಲ್ಲಿದ್ದಲಿಗೆ ಬರ, ತೈಲ ಧಾರಾಳ. ಹಾಗಾಗಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇಲ್ಲಿನ ಉಗಿ ಎಂಜಿನ್ನುಗಳು ಎಣ್ಣೆಗೆ ಬದಲಾದವು. ಎಣ್ಣೆಯ ಟ್ಯಾಂಕು, ಪೈಪುಗಳ ಸೋರಿಕೆಯೂ ಅಂದೇ ಶುರುವಾಯಿತು.

ಇವೆಲ್ಲಕ್ಕಿಂತ ಕಷ್ಟದ್ದು ಆಮೇಲೆ ಬಂತು. ಜಿಡ್ಡುಗಟ್ಟಿದ ಬಿಡಿಭಾಗಗಳನ್ನು ಮೊದಲು ಕಾಸ್ಟಿಕ್ ಸೋಡಾದ ತೊಟ್ಟಿಯಲ್ಲಿ ಕುದಿಸುತ್ತಿದ್ದರು. ಡೀಸೆಲ್ ಎಂಜಿನ್ನಿನ ಕಾಲದಲ್ಲಿ ಟ್ರೈಕ್ಲೋರೊ ಎಥಿಲೀನ್‌ನಂಥ ದ್ರಾವಕಗಳು ಬಂದವು. ಕ್ಷಣದಲ್ಲಿ ಗ್ರೀಸು ಬಿಡಿಸುತ್ತವೆ, ಬೆಂಕಿ ಹತ್ತುವ ಭಯವೂ ಕಡಿಮೆ. ಕೆಲಸಗಾರರಿಗೆ ವರದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ದ್ರವ ನೀರಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಭಾರ. ಎಣ್ಣೆಯಾದರೆ ಅಂತರ್ಜಲದ ಮೇಲೆ ತೇಲುತ್ತದೆ, ಇದು ಮುಳುಗುತ್ತದೆ. ಮರಳಿನ ಪದರ ದಾಟಿ, ಜೇಡಿಮಣ್ಣಿನ ಬಿರುಕು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ಕ್ಯಾನ್ಸರ್ ತರುವ ವಸ್ತು ಎಂಬ ಕಾರಣಕ್ಕೆ ಅಮೆರಿಕದ ಕುಡಿಯುವ ನೀರಿನಲ್ಲಿ ಇದಕ್ಕೆ ಲೀಟರಿಗೆ 5 ಮೈಕ್ರೋಗ್ರಾಂನ ಮಿತಿ ಇದೆ. ಒಂದು ಗ್ರಾಂ ದ್ರಾವಕ ಎರಡು ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. ಅದರ ಬಳಕೆಯನ್ನೇ ನಿಷೇಧಿಸುವ ನಿಯಮವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂತಿಮಗೊಳಿಸಿದ್ದು 2024ರ ಡಿಸೆಂಬರಿನಲ್ಲಿ.

ಸೆಂಟ್ರಲ್ ಪೆಸಿಫಿಕ್ ಸದರ್ನ್ ಪೆಸಿಫಿಕ್ ಕಂಪನಿಯೊಳಗೆ ಸೇರಿತು. ಅದು 1996ರಲ್ಲಿ ಯೂನಿಯನ್ ಪೆಸಿಫಿಕ್ ಕೈಗೆ ಹೋಯಿತು. 1999ರಲ್ಲಿ ವರ್ಕ್‌ಶಾಪು ಮುಚ್ಚಿತು. ಉಳಿದದ್ದು ಊರಿನ ಎದೆಯಲ್ಲೇ ಸುಮಾರು 240 ಎಕರೆ ನೆಲ, ಇಟ್ಟಿಗೆಯ ಹಳೆಯ ಶೆಡ್ಡುಗಳ ಒಂದು ಗುಂಪು, ಮತ್ತು ಕೆಳಗಿನ ಮಣ್ಣು, ನೀರು.

ಶುದ್ಧೀಕರಣದ ಮಾತು ಮುಚ್ಚುವುದಕ್ಕೆ ಮೊದಲೇ ಶುರುವಾಗಿತ್ತು. 1980ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರ ಕಂಪನಿಯಿಂದ ಒಪ್ಪಂದ ಬರೆಸಿಕೊಂಡು ತಪಾಸಣೆ ಮಾಡಿಸಿತು. ರಾಜ್ಯದ ವಿಷವಸ್ತು ನಿಯಂತ್ರಣ ಇಲಾಖೆಯ ಉಸ್ತುವಾರಿಯಲ್ಲಿ ಇಡೀ ನೆಲವನ್ನು ಹಲವು ಭಾಗಗಳಾಗಿ ವಿಂಗಡಿಸಿದರು. ಹಳೆಯ ಕೆರೆಯಂಗಳ ಒಂದು ಭಾಗ, ನಡುವಿನ ಶೆಡ್ಡುಗಳದ್ದು ಒಂದು, ನಿಲ್ದಾಣದ್ದು ಇನ್ನೊಂದು. ಅಂತರ್ಜಲ ಮಾತ್ರ ಈ ಯಾವ ಗಡಿಯನ್ನೂ ಲೆಕ್ಕಿಸಲಿಲ್ಲ. ದ್ರಾವಕ ಬೆರೆತ ನೀರು ವರ್ಕ್‌ಶಾಪಿನ ಎಲ್ಲೆ ದಾಟಿ ದಕ್ಷಿಣಕ್ಕೆ, ಊರಿನ ಕಚೇರಿ-ಕಟ್ಟಡಗಳ ಅಡಿಗೆ ಹರಿದಿತ್ತು.

ಇಲ್ಲೊಂದು ಮುಖ್ಯ ವಿಷಯವನ್ನು ನಿಂತು ನೋಡಬೇಕು. 240 ಎಕರೆಯಲ್ಲಿ ಎಲ್ಲಿ ಕೊರೆಯಬೇಕು? ಮಾರಿಗೊಂದು ಗುಂಡಿ ತೋಡುತ್ತ ಹೋಗಲಾಗದು. ಇಂಥ ಕಡೆ ತಪಾಸಣೆಗೆ ಬಂದ ಎಂಜಿನಿಯರ್ ಮೊದಲು ಬಿಚ್ಚುವುದು ಯಂತ್ರವನ್ನಲ್ಲ, ಹಳೆಯ ನಕಾಶೆಯನ್ನು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅಮೆರಿಕದ ಊರೂರಿಗೂ ಸ್ಯಾನ್‌ಬಾರ್ನ್ ಕಂಪನಿ ಬೆಂಕಿ ವಿಮೆಗಾಗಿ ನಕಾಶೆ ಬರೆಯುತ್ತಿತ್ತು. ಯಾವ ಕಟ್ಟಡ ಯಾವುದಕ್ಕೆ, ಗೋಡೆ ಇಟ್ಟಿಗೆಯದೋ ಮರದ್ದೋ, ಎಣ್ಣೆ ಎಲ್ಲಿಟ್ಟಿದ್ದಾರೆ, ಕುಲುಮೆ ಎಲ್ಲಿದೆ ಎಲ್ಲವೂ ಅದರಲ್ಲಿ ಉಂಟು. ವಿಮೆಯ ಏಜೆಂಟನ ಅನುಕೂಲಕ್ಕೆ ಬರೆದ ಆ ಹಾಳೆಗಳು ನೂರು ವರ್ಷದ ಮೇಲೆ ವಿಷದ ಜಾಡು ತೋರುವ ದಾರಿದೀಪವಾದವು. ಅದರ ಜೊತೆಗೆ ವಿಮಾನದಿಂದ ತೆಗೆದ ಹಳೆಯ ಚಿತ್ರಗಳು, ಕಂಪನಿಯ ಕಡತಗಳು, ಎಲ್ಲಕ್ಕಿಂತ ಮಿಗಿಲಾಗಿ ನಿವೃತ್ತ ಕಾರ್ಮಿಕರ ನೆನಪು. ತೊಟ್ಟಿಯನ್ನು ಯಾವ ಬಾಗಿಲಿನ ಹೊರಗೆ ಬಗ್ಗಿಸುತ್ತಿದ್ದರು ಎಂಬುದು ಯಾವ ನಕಾಶೆಯಲ್ಲೂ ಇರುವುದಿಲ್ಲ. ಬಗ್ಗಿಸಿದವರಿಗೆ ಮಾತ್ರ ಗೊತ್ತು. ಚರಿತ್ರೆಕಾರ ಹುಡುಕುವ ದಾಖಲೆ, ವಿಷ ತೆಗೆಯುವವನು ಹುಡುಕುವ ದಾಖಲೆ ಒಂದೇ.

ಮಣ್ಣೂ ಅಂಥದೇ ದಾಖಲೆ. 1990ರ ದಶಕದಲ್ಲಿ ಹಳೆಯ ಕೆರೆಯ ದಂಡೆಯಲ್ಲಿ ಫೆಡರಲ್ ನ್ಯಾಯಾಲಯದ ಕಟ್ಟಡಕ್ಕೆಂದು ನೆಲ ಅಗೆಯುವಾಗ ಸೊನೋಮಾ ಸ್ಟೇಟ್ ವಿಶ್ವವಿದ್ಯಾಲಯದ ಪುರಾತತ್ವಜ್ಞರಿಗೆ 1850ರ ದಶಕದ ಚೀನೀ ವರ್ತಕರ ನೆಲೆಯ ಅವಶೇಷಗಳು ಸಿಕ್ಕವು. ಈ ವರ್ಕ್‌ಶಾಪು ಏಳುವ ಮುಂಚಿನ ಬದುಕು ಅದು. ವಿಷದ ಮಣ್ಣೆಂದು ಕಣ್ಣುಮುಚ್ಚಿ ಲಾರಿಗೆ ತುಂಬಿದ್ದರೆ ಅಷ್ಟೂ ಹೋಗುತ್ತಿತ್ತು. ಐತಿಹಾಸಿಕ ರೈಲ್ವೆ ನೆಲವನ್ನು ಶುಚಿಗೊಳಿಸುವುದು ಬರಿಯ ಸಾಗಾಟದ ಕೆಲಸವಲ್ಲ ಎನ್ನುವುದು ಇದಕ್ಕೇ.

ಇನ್ನು ತೆಗೆಯುವ ಬಗೆ. ಸೀಸ ನೀರಿನಲ್ಲಿ ಸುಲಭಕ್ಕೆ ಕರಗದು, ಬಿದ್ದಲ್ಲೇ ಮೇಲ್ಮಣ್ಣಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಅದಕ್ಕೆ ನೇರ ಉಪಾಯ: ಅಗೆದು ತೆಗೆಯುವುದು, ಪರವಾನಗಿ ಇರುವ ವಿಷತ್ಯಾಜ್ಯದ ಗುಂಡಿಗೆ ಸಾಗಿಸುವುದು, ಆ ಜಾಗಕ್ಕೆ ಒಳ್ಳೆಯ ಮಣ್ಣು ತುಂಬುವುದು. ಎಷ್ಟು ತೆಗೆದರೆ ಸಾಕು ಎಂಬುದು ಮುಂದೆ ಅಲ್ಲಿ ಯಾರು ಇರುತ್ತಾರೆ ಎನ್ನುವುದರ ಮೇಲೆ ನಿಂತಿದೆ. ಮನೆ ಕಟ್ಟುವ ನೆಲವಾದರೆ ಕಿಲೋ ಮಣ್ಣಿಗೆ 80 ಮಿಲಿಗ್ರಾಂ ಸೀಸ ದಾಟಿದರೂ ಕ್ಯಾಲಿಫೋರ್ನಿಯಾದಲ್ಲಿ ಎಚ್ಚರಿಕೆಯ ಗಂಟೆ. ಅಂಗಡಿ, ಕಾರ್ಖಾನೆಯ ನೆಲವಾದರೆ ಆ ಮಿತಿ ಇನ್ನೂ ಹೆಚ್ಚು. ಈ ವ್ಯತ್ಯಾಸಕ್ಕೆ ಕಾರಣ ಮಕ್ಕಳು. ಅಂಗಳದಲ್ಲಿ ಆಡುವ ಕೂಸು ಕೈಯನ್ನು ಬಾಯಿಗಿಡುತ್ತದೆ. ಸೀಸ ಕೆಡಿಸುವುದು ಬೆಳೆಯುತ್ತಿರುವ ಮಿದುಳನ್ನು.

ದ್ರಾವಕದ ಕಥೆ ಬೇರೆ. ನೆಲಕ್ಕೆ ಕೊಳವೆ ಇಳಿಸಿ ಮಣ್ಣಿನ ಕಣಗಳ ನಡುವಿನ ಗಾಳಿಯನ್ನು ಪಂಪಿನಿಂದ ಎಳೆಯುತ್ತಾರೆ. ಆವಿಯಾದ ದ್ರಾವಕ ಅದರ ಜೊತೆ ಮೇಲೆ ಬರುತ್ತದೆ, ಇದ್ದಿಲಿನ ಪೀಪಾಯಿಯಲ್ಲಿ ಸಿಕ್ಕಿಬೀಳುತ್ತದೆ. ನೀರಿನಲ್ಲಿ ಬೆರೆತಿರುವುದಕ್ಕೆ ಬೋರ್‌ವೆಲ್ ಕೊರೆದು ನೀರೆತ್ತಿ, ಶೋಧಿಸಿ ಬಿಡುವುದು. ಹೇಳಲು ಸರಳ, ಮಾಡಲು ವರ್ಷಗಟ್ಟಲೆ. ಪಂಪು ನಿಲ್ಲಿಸಿ ಕೆಲವು ತಿಂಗಳ ಮೇಲೆ ಪರೀಕ್ಷಿಸಿದರೆ ಅಂಶ ಮತ್ತೆ ಏರಿರುತ್ತದೆ. ಉಪ್ಪಿನಕಾಯಿ ಭರಣಿಯನ್ನು ಸೀಗೆ ಹಾಕಿ ಉಜ್ಜಿ ಒಣಗಿಸಿಟ್ಟರೂ ಮಾರನೆಯ ದಿನ ಮುಚ್ಚಳ ತೆಗೆದಾಗ ವಾಸನೆ ಹೊಡೆಯುವುದಿಲ್ಲವೇ, ಹಾಗೆ. ಜೇಡಿಮಣ್ಣಿನ ಪದರ ಹೀರಿಟ್ಟುಕೊಂಡದ್ದನ್ನು ತನ್ನ ಪಾಡಿಗೆ ನಿಧಾನವಾಗಿ ಬಿಟ್ಟುಕೊಡುತ್ತಿರುತ್ತದೆ. ಇದು ಈ ಒಂದು ಊರಿನ ಪಾಡಷ್ಟೇ ಅಲ್ಲ. ನ್ಯೂ ಮೆಕ್ಸಿಕೋದ ಆಲ್ಬಕರ್ಕಿಯಲ್ಲಿ ಸ್ಯಾಂಟಾ ಫೆ ರೈಲ್ವೆಯ ಸ್ಲೀಪರ್ ಸಂಸ್ಕರಣಾ ಘಟಕ 1908ರಿಂದ 1972ರವರೆಗೆ ನಡೆಯಿತು. ಅಲ್ಲಿನ ಕ್ರಿಯೊಸೋಟ್ ಕೂಡ ನೀರಿಗಿಂತ ಭಾರ. ಘಟಕ ಮುಚ್ಚಿ ಇಪ್ಪತ್ತೆರಡು ವರ್ಷಗಳ ನಂತರ, 1994ರಲ್ಲಿ, ಆ ಜಾಗವನ್ನು ದೇಶದ ಅತಿ ಕಲುಷಿತ ಸ್ಥಳಗಳ ಸೂಪರ್‌ಫಂಡ್ ಪಟ್ಟಿಗೆ ಸೇರಿಸಬೇಕಾಯಿತು.

ಸ್ಯಾಕ್ರಮೆಂಟೊದಲ್ಲೇ, ಹಳೆಯ ವರ್ಕ್‌ಶಾಪಿನಿಂದ ಕೂಗಳತೆಯಲ್ಲಿ, ಬೇಗ ಮುಗಿದ ಕೆಲಸವೂ ಒಂದಿದೆ. ಜಿಬ್‌ಬೂಮ್ ಬೀದಿಯ ಗುಜರಿ ಅಂಗಳ. ಹಳೆಯ ರೈಲುಬೋಗಿ, ಸೇನೆಯ ಟ್ಯಾಂಕು, ಬ್ಯಾಟರಿ, ಟ್ರಾನ್ಸ್‌ಫಾರ್ಮರುಗಳನ್ನು ಒಡೆದು ಲೋಹ ತೆಗೆಯುತ್ತಿದ್ದ ಜಾಗ ಅದು. ಸೀಸ, ತಾಮ್ರ, ಸತು ಮೇಲ್ಮಣ್ಣಿನಲ್ಲೇ ನಿಂತಿದ್ದವು. 1980ರ ದಶಕದಲ್ಲಿ ಅಗೆದು ತೆಗೆದರು, 1991ರಲ್ಲಿ ಅದನ್ನು ಸೂಪರ್‌ಫಂಡ್ ಪಟ್ಟಿಯಿಂದ ಕೈಬಿಟ್ಟರು. ಒಂದೇ ಊರು, ಅಕ್ಕಪಕ್ಕದ ನೆಲ. ಒಂದು ಕೆಲವೇ ವರ್ಷಗಳಲ್ಲಿ ಮುಗಿಯಿತು, ಇನ್ನೊಂದು ತಲೆಮಾರು ದಾಟಿದೆ. ವ್ಯತ್ಯಾಸ ವಿಷದ ಪ್ರಮಾಣದ್ದಷ್ಟೇ ಅಲ್ಲ, ಅದರ ಗುಣದ್ದು.

ಮಣ್ಣು, ನೀರಿನಷ್ಟಕ್ಕೇ ವಿಷಯ ಮುಗಿಯದು, ದುಡಿದವರ ಮೈಯೂ ಇದೆ. ಇಂಗ್ಲೆಂಡಿನ ಸ್ವಿಂಡನ್ ಊರಿನ ಮಾತು ಹೇಳದೆ ಈ ಭಾಷಣ ಪೂರ್ತಿಯಾಗದು. ಗ್ರೇಟ್ ವೆಸ್ಟರ್ನ್ ರೈಲ್ವೆಯ ವರ್ಕ್‌ಶಾಪು 1843ರಲ್ಲಿ ಅಲ್ಲಿ ಶುರುವಾಯಿತು, 1986ರಲ್ಲಿ ಮುಚ್ಚಿತು. ಬ್ರಿಟಿಷ್ ರೈಲ್ವೇಸ್‌ಗಾಗಿ ಕಟ್ಟಿದ ಕೊನೆಯ ಉಗಿ ಎಂಜಿನ್ ‘ಈವನಿಂಗ್ ಸ್ಟಾರ್’ 1960ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಅದೇ 1960ರಲ್ಲಿ ದಕ್ಷಿಣ ಆಫ್ರಿಕದ ವೈದ್ಯ ವ್ಯಾಗ್ನರ್ ಮತ್ತು ಸಂಗಡಿಗರು ಶ್ವಾಸಕೋಶದ ಹೊರಪೊರೆಗೆ ಬರುವ ಮೆಸೊಥೆಲಿಯೋಮ ಎಂಬ ಕ್ಯಾನ್ಸರಿಗೂ ನೀಲಿ ಕಲ್ನಾರಿಗೂ ಇರುವ ನಂಟನ್ನು ಪ್ರಕಟಿಸಿದರು. ಕಲ್ನಾರಿನ ಎಳೆ ಉಸಿರಿನೊಳಗೆ ಹೋದ ಮೂವತ್ತು ನಲವತ್ತು ವರ್ಷಗಳ ಮೇಲೆ ಕಾಣಿಸಿಕೊಳ್ಳುವ ಕಾಯಿಲೆ ಅದು. ಬಾಯ್ಲರಿಗೆ ಕಲ್ನಾರು ಸುತ್ತಿದವರು, ಬೋಗಿಯ ಒಳಮೈಗೆ ಅದನ್ನು ಸಿಂಪಡಿಸಿದವರು, ಅವರ ಪಕ್ಕದಲ್ಲಿ ಬೇರೆ ಕೆಲಸ ಮಾಡುತ್ತಿದ್ದವರು ನಿವೃತ್ತರಾದ ಮೇಲೆ ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು. ಗಂಡನ ಮೇಲಂಗಿ ಕೊಡವಿ ಒಗೆದ ಹೆಂಗಸರಿಗೂ ಈ ರೋಗ ತಗಲುವುದುಂಟು. ಸ್ವಿಂಡನ್ನಿನಲ್ಲಿ ಸಾವುಗಳು ಎಷ್ಟಾದವೆಂದರೆ ರೋಗಕ್ಕೆ ಊರಿನ ಹೆಸರೇ ಅಂಟಿ ‘ಸ್ವಿಂಡನ್ ಕಾಯಿಲೆ’ ಎಂಬ ಮಾತು ಹುಟ್ಟಿತು. ಇಂದು ಅಲ್ಲಿನ ಹಳೆಯ ಶೆಡ್ಡುಗಳಲ್ಲಿ ಅಂಗಡಿಗಳ ಸಾಲಿದೆ. 2000ದಲ್ಲಿ ತೆರೆದ ‘ಸ್ಟೀಮ್’ ರೈಲ್ವೆ ಮ್ಯೂಸಿಯಂ ಇದೆ.

ಮ್ಯೂಸಿಯಮ್ಮುಗಳಿಗೆ ಇದು ಬೇರೊಂದು ಬಗೆಯ ಹೊಣೆ. ಹಳೆಯ ಉಗಿ ಎಂಜಿನ್ನಿನ ಹೊರತಗಡು ಬಿಚ್ಚಿದರೆ ಒಳಗೆ ಕಲ್ನಾರು ಇರಬಹುದು. ಅದನ್ನು ತೆಗೆಯಲು ಎಂಜಿನ್ನಿನ ಸುತ್ತ ಪ್ಲಾಸ್ಟಿಕ್ ಡೇರೆ ಕಟ್ಟಿ, ಒಳಗಿನ ಗಾಳಿಯನ್ನು ಸದಾ ಹೊರಗೆಳೆದು ಶೋಧಿಸುತ್ತ, ಕಲ್ನಾರನ್ನು ನೀರಿನಿಂದ ನೆನೆಸಿ, ಮುಖವಾಡ ತೊಟ್ಟು ಕೀಳಬೇಕು. ಹಳೆಯ ಗೋಡೆಯ ಸೀಸದ ಬಣ್ಣಕ್ಕೆ ಮರಳಿನ ರಭಸ ಹೊಡೆಸುವಂತಿಲ್ಲ. ಇಟ್ಟಿಗೆಯೂ ಹಾಳು, ಪುಡಿಯೂ ಊರ ತುಂಬ. ಎಲ್ಲ ಕೆಡವಿ ಬಯಲು ಮಾಡಿ ಶುಚಿಗೊಳಿಸಿದರೆ ಖರ್ಚು ಕಡಿಮೆ, ತಲೆನೋವು ಕಡಿಮೆ. ಸ್ಯಾಕ್ರಮೆಂಟೊ ಆ ದಾರಿ ಹಿಡಿಯದೆ ನಡುವಿನ ಇಟ್ಟಿಗೆ ಶೆಡ್ಡುಗಳ ಗುಂಪನ್ನು ಉಳಿಸಿಕೊಂಡಿತು. ಎಂಜಿನ್ ಜೋಡಿಸುತ್ತಿದ್ದ ಶೆಡ್ಡು, ಬಾಯ್ಲರ್ ಶೆಡ್ಡುಗಳಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ರೈಲ್ವೆ ಮ್ಯೂಸಿಯಂ ತನ್ನ ಹಳೆಯ ಗಾಡಿಗಳನ್ನು ಇಟ್ಟುಕೊಂಡು ದುರಸ್ತಿ ಮಾಡುತ್ತಿದೆ. ಎಂಜಿನ್ ಕಟ್ಟಿದ ಮನೆಯಲ್ಲೇ ಎಂಜಿನ್ ಉಳಿಯುವುದು ಎಷ್ಟು ಮ್ಯೂಸಿಯಮ್ಮುಗಳಿಗೆ ಒದಗಿದ ಭಾಗ್ಯ? ಅದಕ್ಕೆ ತೆತ್ತ ಹಣ ಸಾರ್ಥಕವೇ.

2012ರಲ್ಲಿ ಮುಖ್ಯ ಹಳಿಗಳನ್ನು ನಿಲ್ದಾಣದಿಂದ ಉತ್ತರಕ್ಕೆ ಸರಿಸಿ ಹೊಸ ಊರಿಗೆ ಜಾಗ ಮಾಡಿದರು. 6,000ದಿಂದ 10,000 ಮನೆ, ಆಸ್ಪತ್ರೆ, ಫುಟ್‌ಬಾಲ್ ಕ್ರೀಡಾಂಗಣ ಯೋಜನೆಯಲ್ಲಿವೆ. ಮೊದಲು ಎದ್ದ ವಸತಿ ಕಟ್ಟಡದಲ್ಲಿ 345 ಮನೆಗಳು. ಅದರ ಹೆಸರು ‘ದಿ ಎ.ಜೆ.’ ಇಂಥ ನೆಲದಲ್ಲಿ ಕಟ್ಟುವವರಿಗೆ ಭೂಮಿಯ ಪತ್ರದ ಜೊತೆಗೇ ಷರತ್ತುಗಳು ಬರುತ್ತವೆ. ಇಲ್ಲಿನ ಅಂತರ್ಜಲ ಎತ್ತಿ ಬಳಸುವಂತಿಲ್ಲ, ಇಷ್ಟು ಆಳಕ್ಕೆ ಅನುಮತಿಯಿಲ್ಲದೆ ಅಗೆಯುವಂತಿಲ್ಲ, ನೆಲದ ಆವಿ ಮನೆಯೊಳಗೆ ನುಸುಳದಂತೆ ತಳದಲ್ಲಿ ತಡೆಪೊರೆ ಹಾಸಬೇಕು, ಇತ್ಯಾದಿ. ಷರತ್ತು ನೆಲಕ್ಕೆ ಅಂಟಿರುತ್ತದೆ, ಮಾಲೀಕನಿಗಲ್ಲ. ಕೈ ಎಷ್ಟು ಬದಲಾದರೂ ಅದು ಜೊತೆಯಲ್ಲೇ ಹೋಗುತ್ತದೆ. ವಿಷವನ್ನೆಲ್ಲ ಪೂರ್ತಿ ತೆಗೆಯಲಾಗದು ಎಂದು ಒಪ್ಪಿಕೊಂಡ ಮೇಲೆ ಉಳಿದದ್ದು ಎಲ್ಲಿದೆ ಎಂಬುದನ್ನು ಮುಂದಿನವರು ಮರೆಯದಂತೆ ಬರೆದಿಡುವುದು ಈ ಕೆಲಸದ ಅರ್ಧ ಭಾಗ. ಹಣವಿದ್ದರೆ ಲಾರಿ ಸಿಗುತ್ತದೆ; ನಲವತ್ತು ವರ್ಷದ ಕೆಳಗೆ ಎಲ್ಲಿ ಏನು ಚೆಲ್ಲಿತ್ತೆಂಬ ಸುದ್ದಿ ಹಣಕ್ಕೆ ಸಿಗುವುದಿಲ್ಲ.

ನಮ್ಮಲ್ಲೂ ಹಳೆಯ ರೈಲ್ವೆ ನೆಲ ಕಡಿಮೆಯೇನಿಲ್ಲ. ಹುಬ್ಬಳ್ಳಿಯ ವರ್ಕ್‌ಶಾಪು 1885ರದ್ದು. ಮೈಸೂರಿನ ಅಶೋಕಪುರಂ ವರ್ಕ್‌ಶಾಪು ಮೈಸೂರು ಸಂಸ್ಥಾನದ ರೈಲ್ವೆಯ ಕಾಲದ್ದು. 1979ರಲ್ಲಿ ತೆರೆದ ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿಗೆ ಮಕ್ಕಳನ್ನು ಕರೆದೊಯ್ಯದ ಶಾಲೆ ಆ ಸೀಮೆಯಲ್ಲಿ ಅಪರೂಪ. ಈ ಜಾಗಗಳ ಮೇಲೆ ದೂರು ಹೊರಿಸುವುದು ಇಲ್ಲಿನ ಉದ್ದೇಶವಲ್ಲ. ಇವುಗಳ ಚರಿತ್ರೆ ಬರೆಯುವವರು ಎಂಜಿನ್ನಿನ ಹೆಸರು, ಮಹಾರಾಜರ ಸಲೂನಿನ ಸೊಗಸಿನ ಜೊತೆಗೆ ಬ್ಯಾಟರಿ ಶೆಡ್ಡು ಎಲ್ಲಿತ್ತು, ಬಣ್ಣ ಎಲ್ಲಿ ಕೆರೆಯುತ್ತಿದ್ದರು, ಎಣ್ಣೆಯಾಡಿದ ಕಾಟನ್ ವೇಸ್ಟ್ ಎಲ್ಲಿ ಸುಡುತ್ತಿದ್ದರು ಎಂಬುದನ್ನೂ ಬರೆಯಲಿ ಎಂಬುದಷ್ಟೇ ಆಸೆ. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿದೆ. ಸಂಶಯಾಸ್ಪದ ಜಾಗಗಳನ್ನು ಸ್ಥಳೀಯ ಸಂಸ್ಥೆ, ಜಿಲ್ಲಾಡಳಿತ ಗುರುತಿಸಬೇಕು. ರಾಜ್ಯ ಮಂಡಳಿ ಪರೀಕ್ಷಿಸಬೇಕು. ಕೆಡಿಸಿದವರೇ ಖರ್ಚು ಭರಿಸಬೇಕು. ಗುರುತಿಸುವುದು ಎಂದಾಗ ಮತ್ತೆ ಅದೇ ಹಳೆಯ ಪ್ರಶ್ನೆ: ಎಲ್ಲಿ ಕೊರೆಯಬೇಕು? ಮೀಟರ್ ಗೇಜ್ ಕಾಲದಲ್ಲಿ ಉಗಿ ಎಂಜಿನ್ನಿನ ಮೇಲೆ ಕೆಲಸ ಕಲಿತ ಫಿಟ್ಟರು, ಕಮ್ಮಾರರು, ಪೇಂಟರುಗಳು ಹುಬ್ಬಳ್ಳಿ, ಮೈಸೂರುಗಳಲ್ಲಿ ಈಗ ವಯಸ್ಸಾದ ಅಜ್ಜಂದಿರು. ಇತಿಹಾಸ ಓದುವ ವಿದ್ಯಾರ್ಥಿಗಳು, ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಒಟ್ಟಿಗೆ ಹೋಗಿ ಅವರೆದುರು ಹಳೆಯ ನಕಾಶೆಯೊಂದನ್ನು ಹರಡಿ, ಯಾವ ಶೆಡ್ಡಿನಲ್ಲಿ ಏನೇನು ನಡೆಯುತ್ತಿತ್ತು ಎಂದು ಕೇಳಿ ಬರೆದುಕೊಳ್ಳಲು ದೊಡ್ಡ ಯಂತ್ರವಾಗಲಿ ಸರ್ಕಾರದ ಆದೇಶವಾಗಲಿ ಬೇಕಿಲ್ಲ.